ಅಜ್ಜಿ ಬೆರಳು ಮಿಷನ್ನಿಗೆ ಹಿಡಿಸ್ತಾ ಇಲ್ಲ

ಮೂಡಿಗೆರೆ ಮಳೆ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ. ಮೊನ್ನೆ ಶನಿವಾರ ಅಜ್ಜೀನ ಕರ್ಕೊಂಡು ರೇಷನ್ ತರಕ್ಕೆ ಹೋಗಿದ್ದೆ. ಅಜ್ಜಿಗೆ ಎಪ್ಪತ್ತೆಂಟು. ನಲವತ್ತು ವರ್ಷಕ್ಕೂ ಜಾಸ್ತಿ ಬೇರೆಯವ್ರ ತೋಟದಲ್ಲಿ ಹಣ್ಣು ಕೊಯ್ದಿದ್ದಾಳೆ, ಕಳೆ ತೆಗ್ದಿದ್ದಾಳೆ, ಮೆಣಸು ಬಿಡಿಸಿದ್ದಾಳೆ, ಈಗ ಬೆರಳ ತುದಿ ಮುಟ್ಟಿ ನೋಡಿದ್ರೆ ಹೊಳೆ ಕಲ್ಲು ಮುಟ್ಟಿದಂಗೆ, ಒಂದು ಗೆರೆ ಇಲ್ಲ.

ಮಿಷನ್ ಮೇಲೆ ಹೆಬ್ಬೆಟ್ಟು ಇಟ್ಳು, ಕೆಂಪು ಲೈಟು. ಸೆರಗಲ್ಲಿ ಒರೆಸ್ಕೊಂಡು ಇಟ್ಳು, ಕೆಂಪು. ಅಂಗಡಿಯವನು ಅವನ ಅಂಗಿ ತುದೀಲಿ ಗಾಜು ಒರೆಸಿ, ಹಾ ಅಂತ ಉಸಿರು ಬಿಟ್ಟು, ಈಗ ಇಡಜ್ಜಿ ಅಂದ. ಕೆಂಪು. ತಲೆಗೂದಲಿಗೆ ಬೆರಳು ಉಜ್ಜು, ಎಣ್ಣೆ ಪಸೆಗೆ ಹಿಡಿಯುತ್ತೆ ಅಂತ ಹಿಂದೆ ನಿಂತಿದ್ದ ಹೆಂಗಸೊಬ್ರು ಹೇಳಿದ್ರು, ಅದನ್ನೂ ಮಾಡಿದ್ವಿ. ಹತ್ತು ಬೆರಳೂ ಆಯ್ತು. ಎಡಗೈ ಉಂಗುರದ ಬೆರಳಿಗೆ ಏನೋ ಸುತ್ತಕ್ಕೆ ಶುರುವಾಯ್ತು, ಎಲ್ರೂ ಉಸಿರು ಬಿಗಿ ಹಿಡ್ಕೊಂಡು ನೋಡ್ತಾ ಇದ್ವಿ, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಅವನು ಮಿಷನ್ ಎತ್ಕೊಂಡು ಪಕ್ಕದ ಅಡಿಕೆ ಕಣದ ತುದಿಗೆ ಓಡಿದ, ಅಲ್ಲಿ ಒಂದು ಕಡ್ಡಿ ಸಿಗುತ್ತಂತೆ, ಅವನ ಹಿಂದೆ ಅಜ್ಜಿ, ಅಜ್ಜಿ ಹಿಂದೆ ನಾನು ಕೊಡೆ ಹಿಡ್ಕೊಂಡು.

ಕೊನೆಗೆ ಅವನು, ನಾನೇನ್ ಮಾಡ್ಲಜ್ಜಿ ಸಿಸ್ಟಂ ತಗೊಳ್ತಿಲ್ಲ ಅಂದ. ತಮಾಷೆ ಏನಂದ್ರೆ ಅವನು ಹುಟ್ಟಿದಾಗ ಎಣ್ಣೆ ನೀರು ಹಾಕಿದ್ದೇ ನಮ್ಮಜ್ಜಿ. ಊರಿಗೆಲ್ಲಾ ಗೊತ್ತು ಇವಳು ಇವಳೇ ಅಂತ, ಮಿಷನ್ ಒಂದಕ್ಕೆ ಬಿಟ್ಟು. ಅವನ ಮೇಲೆ ನಂಗೆ ಸಿಟ್ಟಿಲ್ಲ, ಮಿಷನ್ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಹಂಗಾದ್ರೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅನ್ನೋದೇ ಗೊತ್ತಾಗ್ದೆ ಮನೆಗೆ ಬಂದೆ. ಈ ಕಂಪ್ಯೂಟರ್ ಎಲ್ಲಾ ಬಂದು ನಮ್ಮಂತೋರಿಗೆ ನಿಜವಾಗ್ಲೂ ಒಳ್ಳೇದಾಯ್ತಾ? ನಿಮ್ಮ ಅನುಭವ ಹೇಳಿ.

ರೊಬಸ್ಟಾ ರಾಯ

ಮನೇಲಿ ಬೇರೆಯವ್ರು ಬೆರಳು ಕೊಡಬಹುದಲ್ಲ ಮಾರಾಯ, ಕಾರ್ಡಲ್ಲಿ ಹೆಸರಿರೋ ಯಾರು ಕೊಟ್ರೂ ಆಗುತ್ತೆ.

ಮೂಡಿಗೆರೆ ಮಳೆ

ಅಜ್ಜಿದು ಒಂಟಿ ಕಾರ್ಡು ಸಾರ್. ನಮ್ಮ ಕಾರ್ಡು ಬೇರೆ.

ರೊಬಸ್ಟಾ ರಾಯ

ಸರಿ ಹಂಗಾದ್ರೆ ಕಷ್ಟವೇ. ಆದ್ರೂ ಒಂದು ಮಾತು ಹೇಳ್ತೀನಿ, ಅಜ್ಜಿ ವಿಷಯಕ್ಕೆ ಬೇಜಾರು ಮಾಡ್ಕೋಬೇಡ. ಮಿಷನ್ ಬರೋ ಮುಂಚೆ ಏನು ರಾಮರಾಜ್ಯ ಇತ್ತಾ? ಸತ್ತು ಸ್ವರ್ಗ ಸೇರಿದೋರ ಹೆಸರಲ್ಲಿ ಅಕ್ಕಿ ಎತ್ತುತ್ತಿದ್ರು, ಈ ತಿಂಗಳು ಸ್ಟಾಕ್ ಬಂದಿಲ್ಲ ಅಂತ ಬಾಗಿಲು ಹಾಕೋರು, ರಾತ್ರಿ ಅದೇ ಅಕ್ಕಿ ಗಾಡಿ ಹತ್ತೋದು. ನಂದೇ ಉದಾಹರಣೆ ತಗೊಳ್ಳಿ. ನಮ್ಮಪ್ಪನ ಕಾಲದಲ್ಲಿ ಕಾಫಿ ರೇಟು ಅಂದ್ರೆ ವ್ಯಾಪಾರಿ ಬಾಯಲ್ಲಿ ಬಂದಿದ್ದೇ ರೇಟು. ಐವತ್ತು ಕೆಜಿ ಚೀಲಕ್ಕೆ ಇಷ್ಟು ಅಂದ್ರೆ ಇಷ್ಟು, ಬೇಕಾದ್ರೆ ಕೊಡು ಇಲ್ಲಾಂದ್ರೆ ಹೋಗು. ಈಗ ಅರೇಬಿಕಾ ನ್ಯೂಯಾರ್ಕಲ್ಲಿ ಎಷ್ಟು, ರೊಬಸ್ಟಾ ಲಂಡನ್ನಲ್ಲಿ ಎಷ್ಟು ಅಂತ ಬೆಳಿಗ್ಗೆ ಹಾಸಿಗೇಲೇ ಫೋನಲ್ಲಿ ನೋಡ್ತೀನಿ, ಆಮೇಲೆ ವ್ಯಾಪಾರಿ ಹತ್ರ ಮಾತಾಡೋದು. 2024ರಲ್ಲಿ ರೊಬಸ್ಟಾ ಏರಿದಾಗ ಫೋನ್ ನೋಡಿ ಒಂದು ತಿಂಗಳು ಹಿಡಿದಿಟ್ಟೆ, ಮಗಳ ಮದುವೆ ಸಾಲ ತೀರ್ತು. ಇದು ಸ್ವಾತಂತ್ರ್ಯ ಅಲ್ವಾ? ಎಲ್ಲಾದಕ್ಕೂ ಕಂಪ್ಯೂಟರ್ ಬೈಯೋದು ಫ್ಯಾಶನ್ ಆಗೋಗಿದೆ.

ನಿವೃತ್ತ ಲೆಕ್ಕಿಗ

ನಾನು ಗ್ರಾಮ ಲೆಕ್ಕಿಗನಾಗಿ ಚಿಕ್ಕಮಗಳೂರು ಜಿಲ್ಲೆಯಲ್ಲೇ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವನು. ರಾಯರು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧ ನಾನು ಹೇಳುತ್ತೇನೆ, ನಮ್ಮ ಇಲಾಖೆ ಬಗ್ಗೆ ನಾನೇ ಹೇಳಿದರೆ ಚೆಂದ.

ಜಮೀನಿನ ದಾಖಲೆ ಕಂಪ್ಯೂಟರಲ್ಲಿ ಇಡೋ ಭೂಮಿ ತಂತ್ರಾಂಶ ಬಂದಿದ್ದು 2000-01ರ ಆಸುಪಾಸಲ್ಲಿ. ಅದಕ್ಕೂ ಮುಂಚೆ ಪಹಣಿ ಪುಸ್ತಕ ನಮ್ಮ ಬಗಲಲ್ಲಿ ಇರ್ತಿತ್ತು. ಕೈಚೀಲದಲ್ಲಿ ಅಂತ ಅಲ್ಲ, ಅಕ್ಷರಶಃ ಬಗಲಲ್ಲಿ. ರೈತನಿಗೆ ಪಹಣಿ ಬೇಕಂದ್ರೆ ನಮ್ಮನ್ನ ಹುಡುಕಬೇಕು, ಇವತ್ತು ಸಂತೇಲಿದ್ದಾರಂತೆ, ನಾಳೆ ಹೋಬಳಿಗೆ ಹೋಗಿದ್ದಾರಂತೆ, ಅಂತ ಅಲೆದು ಅಲೆದು ಕೊನೆಗೆ ಕಾಫಿ ತಿಂಡಿ ಕೊಡಿಸಿ, ಮೇಲೆ ಒಂದಿಷ್ಟು ಇಟ್ಟು ಇಸ್ಕೊಂಡು ಹೋಗೋನು. ಮಾಲೀಕರ ಹೆಸರು ಬರೆಯೋ ಕಲಂ 9ರಲ್ಲಿ ಒಂದು ಹೆಸರು ಆ ಕಡೆ ಈ ಕಡೆ ಆದ್ರೆ ಅಣ್ಣ ತಮ್ಮ ಇಪ್ಪತ್ತು ವರ್ಷ ಕೋರ್ಟು. ಹೀಗೆ ಮಾಡಿದವರು ಇದ್ದರು, ನಾನೇನು ಸತ್ಯ ಹರಿಶ್ಚಂದ್ರ ಅಂತ ಹೇಳ್ಕೊಳ್ಳಲ್ಲ. ಭೂಮಿ ಬಂದ ಮೇಲೆ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯ್ತು, ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂದರು, ತಾಲೂಕು ಕಚೇರಿ ಕಿಟಕೀಲಿ ಹದಿನೈದು ರೂಪಾಯಿ ಕೊಟ್ರೆ ಮುದ್ರಣ ಕೈಗೆ. ನಮ್ಮ ದರ್ಬಾರು ಒಂದೇ ವರ್ಷದಲ್ಲಿ ಇಳೀತು. ಬೇಜಾರಾಯ್ತಾ ಅಂದ್ರೆ ಆಯ್ತು, ಸುಳ್ಳು ಯಾಕೆ.

ಇನ್ನೊಂದು ವಿಷಯ ಇದೆ, ಅಜ್ಜಿ ಕಥೆ ಓದಿದ ಮೇಲೆ ನೆನಪಾಯ್ತು. ಊಟ ಮಾಡಿ ಬಂದು ಬರೀತೀನಿ.

ಹಾಸನದ ಹುಡುಗಿ 91

ನಮ್ಮಮ್ಮ ಹಾಸನದಲ್ಲಿ ಒಂದು ಕ್ಯೂರಿಂಗ್ ವರ್ಕ್ಸಲ್ಲಿ, ಅಂದ್ರೆ ಕಾಫಿ ಹಸನು ಮಾಡೋ ಕಾರ್ಖಾನೇಲಿ ಕೆಲಸ ಮಾಡ್ತಿದ್ರು, ಗಾರ್ಬಲಿಂಗು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಸಿಪ್ಪೆ ತೆಗೆದ ಕಾಫಿ ಬೀಜ ಮುಂದೆ ಸುರೀತಾರೆ, ಸಾಲಾಗಿ ಹೆಂಗಸರು ಕೂತ್ಕೊಂಡು ಕಪ್ಪು ಬೀಜ, ಕಂದು ಬೀಜ, ಒಡಕು ಎಲ್ಲಾ ಆರಿಸಿ ಪಕ್ಕಕ್ಕೆ ಹಾಕ್ಬೇಕು. ಅದನ್ನ ಬಿಬಿಬಿ ಅಂತಾರೆ, ಬ್ಲ್ಯಾಕ್ ಬ್ರೌನ್ ಬಿಟ್ಸ್. ಉಳಿದ ಒಳ್ಳೇ ಬೀಜ ಹಡಗು ಹತ್ತಿ ಹೋಗುತ್ತೆ, ನಮ್ ಮನೆ ಕಾಫಿಗೆ ಏನ್ ಬರ್ತಿತ್ತು ಅಂತ ನೀವೇ ಊಹೆ ಮಾಡ್ಕೊಳ್ಳಿ. ಅಮ್ಮ ಮಾತಾಡ್ತಾ ಮಾತಾಡ್ತಾನೇ ಆರಿಸೋರು, ಬೀಜ ನೋಡ್ತಾನೇ ಇರ್ಲಿಲ್ಲ ಅನ್ಸೋದು, ಬೆರಳಿಗೇ ಕಣ್ಣಿತ್ತು. ಮನೇಲಿ ಅಕ್ಕಿ ಆರಿಸೋವಾಗ್ಲೂ ಹಂಗೇ, ಟೀವಿ ನೋಡ್ಕೊಂಡು ಕಲ್ಲು ತೆಗೆಯೋರು, ಒಂದೇ ಒಂದು ಕಲ್ಲು ಬಾಯಿಗೆ ಸಿಕ್ಕಿದ್ದು ನೆನಪಿಲ್ಲ ನಂಗೆ.

ಆಮೇಲೆ ಕಲರ್ ಸಾರ್ಟರ್ ಬಂತು. ಬೀಜ ಮೇಲಿಂದ ಜಾರಿ ಬೀಳ್ತಿರುತ್ತೆ, ಬೀಳ್ತಾ ಇರೋವಾಗ್ಲೇ ಕ್ಯಾಮೆರಾ ಒಂದೊಂದೂ ನೋಡುತ್ತೆ, ಬಣ್ಣ ಸರಿ ಇಲ್ದಿದ್ದಕ್ಕೆ ಟಸ್ ಅಂತ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತೆ. ಒಂದ್ಸಲ ನೋಡಿದೀನಿ, ಸುಳ್ಳು ಹೇಳಲ್ಲ, ನೋಡಕ್ಕೆ ಚೆನ್ನಾಗಿತ್ತು, ಕಣ್ಣು ಕೀಳಕ್ಕೇ ಆಗ್ಲಿಲ್ಲ. ಸಾಲಲ್ಲಿ ಕೂತಿದ್ದೋರಲ್ಲಿ ಕಾಲು ಭಾಗ ಉಳ್ಕೊಂಡ್ರು, ಮಿಷನ್ ಬಿಟ್ಟಿದ್ದನ್ನ ಕೊನೇ ಸಲ ನೋಡಕ್ಕೆ. ಅಮ್ಮ ಉಳೀಲಿಲ್ಲ. ಅಮ್ಮಂಗೆ ಬೇಜಾರಾಗಿದ್ದು ಕೂಲಿಗಿಂತ ಚೀಟಿ ಗುಂಪು ಒಡೆದೋಗಿದ್ದಕ್ಕೆ, ಇಪ್ಪತ್ತು ಜನ ತಿಂಗಳು ತಿಂಗಳು ಹಾಕ್ತಿದ್ರು, ನನ್ನ ಪಿಯುಸಿ ಫೀಸು ಅದ್ರಲ್ಲೇ ಕಟ್ಟಿದ್ದು. ಈಗ ಅಮ್ಮ ಒಂದು ಪೀಜಿಲಿ ಅಡಿಗೆ ಮಾಡ್ತಾರೆ. ಸೊಂಟ ನೋವು ಕಮ್ಮಿ ಆಗಿದೆ ಅಂತಾರೆ ಅದೂ ನಿಜ.

ರಾಯರೇ, ಅದೇ ಕಾಫಿ ಚೀಲ, ಫೋನು ನಿಮ್ಮ ಕೈಲಿತ್ತು, ಕ್ಯಾಮೆರಾ ಇನ್ಯಾರದೋ ಕೈಲಿತ್ತು. ಕಂಪ್ಯೂಟರ್ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ ನಂಗೆ ಹೇಳಕ್ಕೆ ಬರಲ್ಲ, ಆದ್ರೆ ಯಾರ ಕೈಲಿದೆ ಅಂತ ಮೊದ್ಲು ಕೇಳ್ತೀನಿ.

ರೊಬಸ್ಟಾ ರಾಯ

ಒಪ್ದೆ ತಾಯಿ. ನಮ್ ತೋಟದ ಬೀಜಾನೂ ಅಲ್ಲಿಗೇ ಹೋಗ್ತಿತ್ತೇನೋ, ಅಮ್ಮಂಗೆ ನಮಸ್ಕಾರ ಹೇಳಮ್ಮ.

ಎರಡು ಚಕ್ರ

ಯಾರ ಕೈಲಿದೆ ಅಂತ ನನ್ನ ಕೇಳಿ. ನಾನು ಹಾಸನ ಸಿಟೀಲಿ ಊಟ ಡೆಲಿವರಿ ಮಾಡ್ತೀನಿ. ಕಳೆದ ವರ್ಷ ಮಳೆಗಾಲದಲ್ಲಿ ಒಂದಿನ ಆರ್ಡರ್ ಲೇಟಾಯ್ತು, ರೈಲ್ವೆ ಗೇಟ್ ಬಿದ್ದಿತ್ತು, ಕಸ್ಟಮರ್ ಕಂಪ್ಲೇಂಟ್ ಹಾಕಿದ್ರು, ಮಾರನೇ ದಿನ ಬೆಳಿಗ್ಗೆ ಐಡಿ ಬ್ಲಾಕು. ಯಾಕೆ ಅಂತ ಕೇಳಕ್ಕೆ ಆಫೀಸ್ ಇಲ್ಲ, ಮ್ಯಾನೇಜರ್ ಇಲ್ಲ, ಚಾಟಲ್ಲಿ ಒಂದು ಬಾಟು, ಅದು ನಾನೇನ್ ಟೈಪ್ ಮಾಡಿದ್ರೂ ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಅಂತಿತ್ತು. ಅರ್ಥ ಆಗಿದ್ರೆ ಬಿಡಪ್ಪ ಕೆಲಸಕ್ಕೆ! ಒಂಬತ್ತು ದಿನ ಆದ್ಮೇಲೆ ತಾನಾಗೇ ಓಪನ್ ಆಯ್ತು, ಯಾಕೆ ಹೋಯ್ತು ಯಾಕೆ ಬಂತು ಇವತ್ತಿಗೂ ಗೊತ್ತಿಲ್ಲ. ನಮ್ಮಪ್ಪ ಗಾರೆ ಕೆಲಸ ಮಾಡೋರು, ಮೇಸ್ತ್ರಿ ಬೈತಿದ್ದ, ಕೂಲಿ ಹಿಡ್ಕೊಳ್ತಿದ್ದ, ಆದ್ರೆ ಸಂಜೆ ಅವನ ಮನೆ ಮುಂದೆ ಹೋಗಿ ನಿಂತ್ಕೋಬೋದಿತ್ತಲ್ಲ.

ಕೇಸ್ ಕಟ್ಟು

ಚಿಕ್ಕಮಗಳೂರಲ್ಲಿ ವಕೀಲಿಕೆ ಮಾಡ್ತೀನಿ, ಎರಡು ಮಾತು. ಎರಡು ಚಕ್ರದವರೇ, ನಮ್ಮ ರಾಜ್ಯದಲ್ಲಿ ಗಿಗ್ ಕೆಲಸಗಾರರಿಗೆ, ಅಂದ್ರೆ ನಿಮ್ಮ ಥರ ಆ್ಯಪ್ ಮೂಲಕ ಕೆಲಸ ಮಾಡೋರಿಗೆ ಅಂತ 2025ರಲ್ಲಿ ಕಾಯ್ದೆ ಬಂದಿದೆ. ಅದ್ರಲ್ಲಿ ಕಾರಣ ಲಿಖಿತವಾಗಿ ಕೊಡದೆ, 14 ದಿನ ಮುಂಚೆ ನೋಟಿಸ್ ಕೊಡದೆ ತೆಗೆದು ಹಾಕಂಗಿಲ್ಲ ಅಂತ ಇದೆ, ಕೆಲಸ ಹಂಚೋದು ರೇಟಿಂಗ್ ಕೊಡೋದು ಯಾವ ಲೆಕ್ಕದ ಮೇಲೆ ಅಂತ ಕೇಳೋ ಹಕ್ಕೂ ಇದೆ. ಹಾಳೆ ಮೇಲೆ ಇರೋದು ರಸ್ತೆ ಮೇಲೆ ಬರಕ್ಕೆ ಟೈಮ್ ಹಿಡಿಯುತ್ತೆ, ಆದ್ರೂ ಗೊತ್ತಿರ್ಲಿ. ಮುಂದಿನ ಸಲ ಬ್ಲಾಕ್ ಆದ್ರೆ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಕೊಳ್ಳಿ.

ಅಜ್ಜಿ ವಿಷಯ. ಬೆರಳು ಹಿಡಿಸಲಿಲ್ಲ ಅಂತ ರೇಷನ್ ಇಲ್ಲ ಅನ್ನಕ್ಕೆ ಬರಲ್ಲ. 2017ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಇಲಾಖೆನೇ ಎಲ್ಲಾ ರಾಜ್ಯಕ್ಕೂ ಬರೆದಿದೆ, ಆಧಾರ್ ಇಲ್ಲ, ಬೆರಳು ಹಿಡಿಸಲಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸಬೇಡಿ, ಅಂಥವರದ್ದು ಬೇರೆ ಪುಸ್ತಕದಲ್ಲಿ ಬರೆದುಕೊಂಡು ಕೊಡಿ ಅಂತ. ಆಹಾರ ನಿರೀಕ್ಷಕರಿಗೆ ಒಂದು ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಬಾಯಿ ಮಾತಲ್ಲಿ ಹೇಳಿದ್ರೆ ಬಾಯಿ ಮಾತಲ್ಲೇ ಮುಗಿಯುತ್ತೆ.

ಇನ್ನೊಂದು, ನಮ್ಮವರೇ ಒಬ್ರನ್ನ ನೆನೆಸ್ಕೋಬೇಕು. ಆಧಾರ್ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋಗಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದ್ದು 2012ರಲ್ಲಿ, ಆಗ ಅವರಿಗೆ 86 ವರ್ಷ, ಈ ಅಜ್ಜಿಗಿಂತ ದೊಡ್ಡೋರು. ಸರ್ಕಾರದ ಕಡೆಯವರು ಖಾಸಗಿತನ ಅನ್ನೋದು ಮೂಲಭೂತ ಹಕ್ಕೇ ಅಲ್ಲ ಅಂತ ವಾದ ಮಾಡಿದ್ರು, 2017ರ ಆಗಸ್ಟ್ 24ಕ್ಕೆ ಒಂಬತ್ತು ಜನ ಜಡ್ಜ್‌ಗಳೂ ಒಂದೇ ಬಾಯಲ್ಲಿ ಹಕ್ಕು ಹೌದು ಅಂದ್ರು. ಮಾರನೇ ವರ್ಷ ಸೆಪ್ಟೆಂಬರ್ 26ರ ತೀರ್ಪಲ್ಲಿ ನಾಲ್ಕು ಒಂದರ ಬಹುಮತದಲ್ಲಿ ಆಧಾರ್ ಉಳೀತು, ರೇಷನ್ ಥರದ ಸರ್ಕಾರಿ ಸವಲತ್ತಿಗೆ ಕೇಳಬಹುದು ಅಂತ, ಬ್ಯಾಂಕ್ ಖಾತೆಗೆ ಸಿಮ್ಮಿಗೆ ಕಡ್ಡಾಯ ಮಾಡಂಗಿಲ್ಲ ಅಂತ. ಆದ್ರೆ ಈಗ ಹೋಗಿ ಆಧಾರ್ ಕೊಡದೇ ಸಿಮ್ ತಗೊಳ್ಳಿ ನೋಡೋಣ, ಅಂಗಡಿ ಹುಡುಗ ನಿಮ್ಮನ್ನ ಮೇಲಿಂದ ಕೆಳಗೆ ನೋಡ್ತಾನೆ.

ವರ್ಕ್ ಫ್ರಂ ತೋಟ

ನಾನು ಸಾಫ್ಟ್‌ವೇರ್, ಕೊರೋನಾದಲ್ಲಿ ಕೊಪ್ಪಕ್ಕೆ ಬಂದವನು ಇಲ್ಲೇ ಉಳ್ಕೊಂಡೆ, ಕಂಪನಿ ಹೆಸರು ಬೇಡ. ಹೊರಗಿನವ್ರು ಅನ್ಕೊಂಡಿರ್ತಾರೆ ತೋಟದ ಮಧ್ಯೆ ಕೂತ್ಕೊಂಡು ಹಾಯಾಗಿದಾನೆ ಅಂತ. ನನ್ನ ಲ್ಯಾಪ್‌ಟಾಪಲ್ಲಿ ಒಂದು ಪ್ರೋಗ್ರಾಂ ಕೂತಿದೆ, ಅದು ಸ್ಕ್ರೀನ್ ಫೋಟೋ ತೆಗೆಯುತ್ತೆ, ಐದು ನಿಮಿಷ ಮೌಸ್ ಅಲ್ಲಾಡದಿದ್ರೆ ನನ್ನ ಹೆಸರು ಮುಂದಿನ ಹಸಿರು ಚುಕ್ಕೆ ಹಳದಿ ಆಗುತ್ತೆ. ಕೋಡ್ ಬರೆಯೋ ಕೆಲಸದಲ್ಲಿ ಐದು ನಿಮಿಷ ಯೋಚನೆ ಮಾಡದೆ ಹೆಂಗಪ್ಪ ಇರೋದು? ಅಪ್ಪ ಇದನ್ನ ನೋಡಿ ನೋಡಿ ಒಂದಿನ ಟೇಬಲ್ ಫ್ಯಾನಿಗೆ ಮೌಸ್ ಕಟ್ಟಿದ್ರು, ಫ್ಯಾನು ಆ ಕಡೆ ಈ ಕಡೆ ತಿರುಗ್ತಿದ್ರೆ ಮೌಸೂ ಓಡಾಡ್ತಿತ್ತು, ನಾನು ಹಲಸಿನ ಹಣ್ಣು ತಿಂತಾ ಕೂತಿದ್ದೆ, ಚುಕ್ಕೆ ಹಸಿರಾಗೇ ಇತ್ತು. ಆ ವಾರ ನನ್ನ ಪ್ರೊಡಕ್ಟಿವಿಟಿ ಜಾಸ್ತಿ ಅಂತ ಬಂತು. ಆಮೇಲೆ ಕರೆಂಟ್ ಹೋಯ್ತು ಬಿಡಿ, ಮಲ್ನಾಡಲ್ವಾ.

ಬೆರಳ ಮಿಷನ್ ಬಗ್ಗೆ ಒಂದು ವಿಷಯ ಹೇಳಲೇಬೇಕು, ಯಾಕಂದ್ರೆ ಎಲ್ರೂ ಸಿಸ್ಟಂ ತಗೊಳ್ತಿಲ್ಲ ಅನ್ನೋದನ್ನ ಮಳೆ ಬರ್ತಿಲ್ಲ ಅನ್ನೋ ಥರ ಹೇಳ್ತಾರೆ. ಆ ಪ್ರೋಗ್ರಾಂಗೆ ಇವಳು ಅವಳೇ ಹೌದು ಅಥವಾ ಅಲ್ಲ ಅಂತ ಗೊತ್ತಾಗಲ್ಲ. ಹಳೇ ಗುರುತಿಗೂ ಈಗಿನ ಗುರುತಿಗೂ ಎಷ್ಟು ಹೋಲಿಕೆ ಅಂತ ಒಂದು ಅಂಕ ಹಾಕುತ್ತೆ ಅಷ್ಟೇ, ಪರೀಕ್ಷೆ ಮಾರ್ಕ್ಸ್ ಥರ. ಪಾಸ್ ಮಾರ್ಕ್ಸ್ ಎಷ್ಟು ಅನ್ನೋದನ್ನ ಎಲ್ಲೋ ಕೂತ ಮನುಷ್ಯರು ತೀರ್ಮಾನ ಮಾಡಿರ್ತಾರೆ. ಗೆರೆ ಮೇಲಕ್ಕೆ ಎಳೆದ್ರೆ ಕಳ್ಳ ನುಸುಳೋದು ಕಷ್ಟ, ಆದ್ರೆ ಅಜ್ಜಿಯಂಥೋರು ಜಾಸ್ತಿ ಫೇಲ್. ಕೆಳಗೆ ಎಳೆದ್ರೆ ಅಜ್ಜಿ ಪಾಸ್, ಕಳ್ಳನೂ ಪಾಸ್ ಆಗೋ ಚಾನ್ಸ್. ಎರಡೂ ತಪ್ಪು ಸೊನ್ನೆ ಮಾಡಕ್ಕೆ ಯಾವ ಇಂಜಿನಿಯರ್ ಕೈಲೂ ಆಗಲ್ಲ. ಹಂಗಾಗಿ ಅಕ್ಕಿ ಕದಿಯೋನು ತಪ್ಪಿಸ್ಕೊಳ್ಳೋದು ದೊಡ್ಡ ತಪ್ಪಾ, ಹಸಿದೋರು ವಾಪಸ್ ಹೋಗೋದು ದೊಡ್ಡ ತಪ್ಪಾ ಅಂತ ಯಾರೋ ತೂಕ ಮಾಡಿದ್ದಾರೆ. ಅದು ಕಂಪ್ಯೂಟರ್ ಮಾಡಿದ ತೂಕ ಅಲ್ಲ. ಆ ತೂಕ ಮಾಡಿದೋರು ನಮ್ಮನ್ನ ಕೇಳಿಲ್ಲ, ಕೋಡ್ ನಮಗೆ ತೋರಿಸಲ್ಲ.

ಮತ್ತೆ ಎರರ್ ಮೆಸೇಜು ಇಂಗ್ಲಿಷಲ್ಲಿ ಬಂದಿರುತ್ತೆ ಗ್ಯಾರಂಟಿ. ತೇಜಸ್ವಿ ಮೂಡಿಗೆರೇಲಿ ಕೂತ್ಕೊಂಡು ಕನ್ನಡ ಕಂಪ್ಯೂಟರಲ್ಲಿ ಉಳೀಬೇಕು ಅಂತ ಬಡ್ಕೊಂಡ್ರು, ಅವರು ತೀರ್ಕೊಂಡಿದ್ದು 2007ರಲ್ಲಿ, ಇನ್ನೂ ನಮ್ಮ ಅಜ್ಜಿಗೆ ಬೈಯಕ್ಕೂ ಮಿಷನ್ನಿಗೆ ಕನ್ನಡ ಬರಲ್ಲ.

ಮೂಡಿಗೆರೆ ಮಳೆ

ಹೂಂ ಇಂಗ್ಲಿಷಲ್ಲೇ ಬಂತು. ಪಾಸ್ ಮಾರ್ಕ್ಸ್ ವಿಷಯ ಅಜ್ಜಿಗೆ ಹೇಳ್ದೆ, ಎಷ್ಟು ಬಂದಿತ್ತಂತೆ ನಂಗೆ ಅಂತ ಕೇಳಿದ್ಲು 😄

ಝೆರಾಕ್ಸ್ ಅಂಗಡಿ

ನಾನು ಬೇಲೂರು ಕಡೆ ಸೈಬರ್ ಸೆಂಟರ್ ಇಟ್ಟಿದೀನಿ, ಝೆರಾಕ್ಸು, ಲ್ಯಾಮಿನೇಶನ್ನು, ಪಹಣಿ, ಜಾತಿ ಆದಾಯ, ಗೃಹಲಕ್ಷ್ಮಿ, ಎಲ್ಲಾ. ಇಲ್ಲಿ ಒಂದು ವಿಷಯ ಒಪ್ಕೋಬೇಕು ಅಂತ ಎರಡು ದಿನದಿಂದ ಬರೆದು ಬರೆದು ಅಳಿಸ್ತಿದೀನಿ.

ನನ್ನ ಹತ್ರ ಒಂದು ಉದ್ದ ನೋಟ್‌ಬುಕ್ ಇದೆ, ಅಂಗಡಿ ಲೆಕ್ಕ ಬರಿಯೋ ಥರದ್ದು, ಕೆಂಪು ಬೈಂಡು. ಅದ್ರಲ್ಲಿ ಹತ್ರ ಹತ್ರ ಮುನ್ನೂರು ಜನದ ಆಧಾರ್ ನಂಬರ್, ಫೋನ್ ನಂಬರ್, ಅವರವರ ಲಾಗಿನ್ನು, ಪಾಸ್‌ವರ್ಡು ಇದೆ. ಕದ್ದಿದ್ದಲ್ಲ, ಅವ್ರೇ ಬರ್ಕೋ ಮಗ ನಂಗೆ ನೆನಪಿರಲ್ಲ ಅಂತ ಬರೆಸಿದ್ದು. ಅರ್ಧ ಜನದ ಪಾಸ್‌ವರ್ಡ್ ಅವರ ಹೆಸರು ಮುಂದೆ 123. ಓಟಿಪಿ ಬಂದ್ರೆ ಫೋನನ್ನೇ ನನ್ನ ಕೈಗೆ ಕೊಟ್ಟು ಟೀ ಕುಡಿಯಕ್ಕೆ ಹೋಗ್ತಾರೆ. ಹಾಳಾದ ಝೆರಾಕ್ಸ್ ಒಂದು ರಟ್ಟಿನ ಡಬ್ಬಕ್ಕೆ ಹಾಕ್ತಿದ್ದೆ, ಅದ್ರಲ್ಲಿ ಎಷ್ಟು ಜನದ ಆಧಾರ್ ಕಾಪಿ ಇತ್ತೋ, ಪಕ್ಕದ ಬೋಂಡಾ ಅಂಗಡಿಯವನು ಅದನ್ನ ತಗೊಂಡೋಗಿ ಬೋಂಡಾ ಕಟ್ಟಿಕೊಡ್ತಿದ್ದ, ಒಬ್ರು ಮೇಷ್ಟ್ರು ಅವರದೇ ಆಧಾರ್ ಕಾರ್ಡಲ್ಲಿ ಬೋಂಡಾ ತಿಂದು ಬಂದು ನನ್ನ ಹತ್ರ ಜಗಳ ಆಡಿದ್ರು. ನಗು ಬರುತ್ತೆ, ಆದ್ರೆ ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಯಾಕಂದ್ರೆ 2023ರಲ್ಲಿ ಆಗಿದ್ದು ನೆನಪಿದ್ಯಾ? ಆಧಾರ್ ನಂಬರು, ಬ್ಯಾಂಕ್ ಹೆಸರು, ಬೆರಳು, ಈ ಮೂರಿದ್ರೆ ಸಾಕು, ಊರಲ್ಲಿ ಮಿನಿ ಬ್ಯಾಂಕ್ ಮಿಷನ್ನಲ್ಲಿ ದುಡ್ಡು ತೆಗೀಬೋದು, ಓಟಿಪಿನೂ ಬೇಡ ಪಿನ್ನೂ ಬೇಡ. ಕಳ್ಳರು ನೋಂದಣಿ ಆದ ಕ್ರಯಪತ್ರದ ಕಾಪಿ ಇಳಿಸ್ಕೊಂಡು ಅದ್ರಲ್ಲಿರೋ ಹೆಬ್ಬೆಟ್ಟಿನ ಗುರುತಿಂದ ರಬ್ಬರ್ ಥರದ್ದು ಬೆರಳು ಮಾಡಿ ದುಡ್ಡು ಎತ್ತಿದ್ರು. ಜನಕ್ಕೆ ಮೆಸೇಜ್ ಬಂದಾಗ್ಲೇ ಗೊತ್ತಾಗಿದ್ದು. ಆಮೇಲೆ ನಮ್ಮ ರಾಜ್ಯದಲ್ಲಿ ಇಂಟರ್ನೆಟ್ಟಲ್ಲಿ ಸಿಗೋ ಪತ್ರದಲ್ಲಿ ಬೆರಳ ಗುರುತು ಮರೆ ಮಾಡೋ ವ್ಯವಸ್ಥೆ ಬಂತು. ಪಾಸ್‌ವರ್ಡ್ ಕಳೆದ್ರೆ ಬದಲಾಯಿಸ್ಬೋದು, ಹೆಬ್ಬೆಟ್ಟು ಕಳೆದ್ರೆ ಹೊಸ ಹೆಬ್ಬೆಟ್ಟು ಎಲ್ಲಿಂದ ತರೋದು?

ಕೇಸ್ ಕಟ್ಟು

ಆಧಾರ್ ಕಾಪಿ ಎಲ್ಲಾ ಕಡೆ ಕೊಡಬೇಡಿ ಅಂತ 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿನೇ ಪ್ರಕಟಣೆ ಕೊಟ್ಟಿತ್ತು. ಜನ ಗಾಬರಿ ಆದ್ರು, ಎರಡೇ ದಿನಕ್ಕೆ ಅದನ್ನ ವಾಪಸ್ ತಗೊಂಡ್ರು. ಬೋಂಡಾ ಕಥೆ ಅವರಿಗೆ ಗೊತ್ತಿದ್ರೆ ವಾಪಸ್ ತಗೊಳ್ತಿರ್ಲಿಲ್ಲ ಅನ್ಸುತ್ತೆ. ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ ಆಧಾರ್ ಇದೆ, ಸಾಧ್ಯ ಆದ ಕಡೆ ಅದನ್ನ ಕೊಡಿ.

ಝೆರಾಕ್ಸ್ ಅಂಗಡಿ

ಅದನ್ನೇ ಪ್ರಿಂಟ್ ಹಾಕಿ ಕೊಡ್ತೀನಿ ಸಾರ್ ಈಗ, ಆಫೀಸಿಗೆ ತಗೊಂಡು ಹೋದ್ರೆ ಪೂರ್ತಿ ನಂಬರ್ ಕಾಣಲ್ಲ, ಸರಿಯಾದ್ದು ತಗೊಂಡು ಬಾ ಅಂತ ವಾಪಸ್ ಕಳಿಸ್ತಾರೆ.

ಇನ್ನೊಂದು ಪೇಚಾಟ ಕೇಳಿ. ಬೆರಳು ಕಳ್ಳತನ ಆಗ್ಬಾರದು ಅಂದ್ರೆ ಆಧಾರ್ ಆ್ಯಪಲ್ಲಿ ಬಯೋಮೆಟ್ರಿಕ್ ಲಾಕ್ ಮಾಡ್ಬೋದು, ನಾನೇ ಒಂದು ಐವತ್ತು ಜನಕ್ಕೆ ಮಾಡಿಕೊಟ್ಟೆ ಪುಣ್ಯದ ಕೆಲಸ ಅಂತ. ಮುಂದಿನ ತಿಂಗಳು ಐವತ್ತು ಜನನೂ ರೇಷನ್ ಅಂಗಡಿಯಿಂದ ಸೀದಾ ನನ್ನ ಅಂಗಡಿಗೆ ಬಂದ್ರು ಬೈಯಕ್ಕೆ. ಲಾಕ್ ಆಗಿದ್ರೆ ಅಲ್ಲೂ ಬೆರಳು ಹಿಡಿಸಲ್ವಲ್ಲ! ಅನ್‌ಲಾಕ್ ಮಾಡ್ಬೇಕಂದ್ರೆ ಓಟಿಪಿ ಬೇಕು, ಓಟಿಪಿ ಬರ್ಬೇಕಂದ್ರೆ ಆಧಾರಿಗೆ ಲಿಂಕ್ ಆದ ಫೋನ್ ಬೇಕು, ಆ ಫೋನ್ ಬೆಂಗಳೂರಲ್ಲಿ ಮಗನ ಹತ್ರ ಇರುತ್ತೆ, ಮಗ ಮೀಟಿಂಗಲ್ಲಿ ಇರ್ತಾನೆ. ಬೀಗ ಹಾಕಿದ್ರೆ ಅಕ್ಕಿ ಇಲ್ಲ, ತೆಗೆದ್ರೆ ದುಡ್ಡಿಗೆ ಭಯ. ನಾನು ಲಾಕ್ ಮಾಡಿಕೊಡೋದು ನಿಲ್ಲಿಸ್ಬಿಟ್ಟೆ. ತಪ್ಪು ಅಂತ ಗೊತ್ತು.

ಗಿರಿ ಸೀಮೆ

ಹಾಸನದ ಸಾಲಗಾಮೆ ರಸ್ತೇಲಿ ಇಸ್ರೋದವರ ಮಾಸ್ಟರ್ ಕಂಟ್ರೋಲ್ ಇದೆ, 1982ರಿಂದ ಅಲ್ಲೇ ಕೂತು 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹನ ಅಲ್ಲಾಡದಂಗೆ ನೋಡ್ಕೊಳ್ತಾರೆ. ಅಲ್ಲಿಂದ ಒಂದೆರಡು ಗಂಟೆ ದಾರಿ ಇರೋ ಮೂಡಿಗೆರೆ ಅಜ್ಜಿ ಸಿಗ್ನಲ್ಲಿಗೆ ಅಡಿಕೆ ಕಣಕ್ಕೆ ಓಡ್ಬೇಕು. ಏನ್ ಹೇಳೋದು.

ಎರಡು ಚಕ್ರ

ಸಕಲೇಶಪುರ ಕಡೆ ಆನೆಗೂ ರೇಡಿಯೋ ಕಾಲರ್ ಹಾಕವ್ರೆ, ಎಲ್ಲಿ ಹೋದ್ರೂ ಗೊತ್ತಾಗುತ್ತೆ, ವಾಟ್ಸಾಪಲ್ಲಿ ಬರುತ್ತೆ. ನಂದೂ ಜಿಪಿಎಸ್ ಆನ್ ಇರ್ಬೇಕು ದಿನವಿಡೀ. ವ್ಯತ್ಯಾಸ ಏನಂದ್ರೆ ಆನೆಗೆ ಯಾರೂ ರೇಟಿಂಗ್ ಕೊಡಲ್ಲ.

ರೊಬಸ್ಟಾ ರಾಯ

ಆ ಕಾಲರ್ ಇಲ್ದಿದ್ರೆ ನಮ್ ಕೂಲಿಯವರು ಬೆಳಿಗ್ಗೆ ಎದ್ದು ಆನೆ ಎದುರಿಗೇ ಹೋಗಿ ನಿಲ್ತಾರೆ, ಅದನ್ನ ತಮಾಷೆ ಮಾಡ್ಬೇಡಪ್ಪ. ಜೀವ ಉಳಿಸಿದೆ ಅದು. ಆದ್ರೆ ಯುಪಿಐ ವಿಷಯದಲ್ಲಿ ನಂಗೂ ಸ್ವಲ್ಪ ಉರೀತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವ್ರು ಫೋನ್‌ಪೇ ಗೂಗಲ್‌ಪೇ ಲೆಕ್ಕ ತೆಗ್ದು ಸಣ್ಣ ಸಣ್ಣ ಅಂಗಡಿಯೋರಿಗೆಲ್ಲಾ ನೋಟಿಸ್ ಕಳಿಸಿದ್ರಲ್ಲ, ಮಾಲು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ಯಾಕೆ ಮಾಡಿಸಿಲ್ಲ ಅಂತ. ಕಾನೂನು ಸರಿ ಇರ್ಬೋದು. ಆದ್ರೆ ತರಕಾರಿ ಮಾರೋನಿಗೂ ಬಂತು, ತರಕಾರಿಗೆ ತೆರಿಗೆನೇ ಇಲ್ಲ! ನಾವು ಇಡ್ಲಿ ತಿನ್ನೋ ಗೂಡಂಗಡಿಯವನು ಮಾರನೇ ದಿನ ಕ್ಯೂಆರ್ ಕೋಡ್ ಕಿತ್ತು ದೇವರ ಫೋಟೋ ಹಾಕಿದ. ಆಮೇಲೆ ಮುಖ್ಯಮಂತ್ರಿ ಹಳೇ ಬಾಕಿ ಕೇಳಲ್ಲ ಅಂದ್ರು, ಆದ್ರೂ ಅವನು ಇವತ್ತಿಗೂ ಚಿಲ್ಲರೆ ತನ್ನಿ ಅಂತಾನೆ.

ನಿವೃತ್ತ ಲೆಕ್ಕಿಗ

ಊಟ ಮಾಡಿ ಬರ್ತೀನಿ ಅಂದವನು ಎರಡು ದಿನ ಆಯ್ತು, ಮೊಮ್ಮಗ ಫೋನ್ ಇಟ್ಕೊಂಡಿದ್ದ.

ಹೇಳಬೇಕು ಅಂದಿದ್ದು ಇಷ್ಟು. ಭೂಮಿ ಬಂದ ಹೊಸದರಲ್ಲಿ ತಾಲೂಕು ಕಚೇರೀಲಿ ಆ ಕಂಪ್ಯೂಟರ್ ಪಕ್ಕ ಒಂದು ಬೆರಳು ಇಡೋ ಡಬ್ಬಿ ಇತ್ತು. ನಾನು ಬೆರಳಿನ ಮಿಷನ್ ನೋಡಿದ್ದು ಅದೇ ಮೊದಲು. ಆದರೆ ಬೆರಳು ಇಡಬೇಕಾಗಿದ್ದು ರೈತ ಅಲ್ಲ, ಕಚೇರಿಯವರು. ಖಾತೆ ಬದಲಾವಣೆ ಮಾಡೋ ಅಧಿಕಾರಿ ತನ್ನ ಬೆರಳು ಇಟ್ಟರೇ ತಂತ್ರಾಂಶ ತೆಗೆಯೋದು, ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನಾನು ಮಾಡಿಲ್ಲ ಅನ್ನಕ್ಕೆ ಬರಬಾರದು ಅಂತ. ಅರ್ಜಿ ಕೂಡ ಬಂದ ಸಾಲಲ್ಲೇ ತೆಗೆಯಬೇಕು, ನಮಗೆ ಬೇಕಾದವರದ್ದು ಮುಂದೆ ಹಾಕಕ್ಕೆ ಬಿಡ್ತಿರಲಿಲ್ಲ. ಅಂದ್ರೆ ಆ ಕಂಪ್ಯೂಟರ್ ಕಾವಲು ಕಾಯ್ತಾ ಇದ್ದದ್ದು ನಮ್ಮನ್ನ. ನಮಗೆ ಅದು ಕಂಡ್ರೆ ಆಗ್ತಿರಲಿಲ್ಲ, ಈಗ ಯೋಚನೆ ಮಾಡಿದ್ರೆ ಅದಕ್ಕೇ ಅದು ಜನಕ್ಕೆ ಹಿಡಿಸಿದ್ದು.

ಆಮೇಲೆ ಯಾವಾಗ ಆ ಡಬ್ಬಿ ಮೇಜಿನ ಈ ಕಡೆಯಿಂದ ಆ ಕಡೆಗೆ ತಿರುಗಿತು ಅಂತ ನನಗೂ ಸರಿಯಾಗಿ ನೆನಪಿಲ್ಲ. ಈಗ ಬೆರಳು ಇಡೋದು ಅಜ್ಜಿ. ತಾನು ತಾನೇ ಅಂತ ಸಾಬೀತು ಮಾಡೋ ಕೆಲಸ ಅಜ್ಜಿದು. ಅಕ್ಕಿ ಯಾಕೆ ಕೊಡಲಿಲ್ಲ ಅಂತ ಸಾಬೀತು ಮಾಡೋ ಕೆಲಸ ಯಾರದ್ದೂ ಅಲ್ಲ.

ಮೇಜಿನ ಒಳಗಡೆ ಇರೋರು ಸುಖವಾಗಿದ್ದಾರೆ ಅಂತಾನೂ ತಿಳ್ಕೋಬೇಡಿ. ಈಗಿನ ಗ್ರಾಮ ಆಡಳಿತಾಧಿಕಾರಿ ಹುಡುಗರು 2024ರ ಸೆಪ್ಟೆಂಬರಲ್ಲಿ ರಾಜ್ಯ ಪೂರ್ತಿ ಮುಷ್ಕರ ಕೂತರು, ಒಬ್ಬೊಬ್ಬರ ಫೋನಲ್ಲಿ ಹತ್ತು ಹದಿನೈದಕ್ಕೂ ಜಾಸ್ತಿ ಆ್ಯಪು, ಬೆಳೆ ಸಮೀಕ್ಷೆಗೆ ಒಂದು, ಆಧಾರ್ ಪಹಣಿ ಜೋಡಣೆಗೆ ಒಂದು, ಲ್ಯಾಪ್‌ಟಾಪ್ ಇಲ್ಲ, ಕೂರಕ್ಕೆ ಸರಿಯಾದ ಜಾಗ ಇಲ್ಲ. ನನ್ನ ಕಾಲದಲ್ಲಿ ಬಗಲಲ್ಲಿ ಒಂದು ಪುಸ್ತಕ ಇದ್ದರೆ ನಾನೇ ರಾಜ. ಈ ಹುಡುಗರ ಕೈಲಿ ಇಪ್ಪತ್ತು ಪುಸ್ತಕ ಇದೆ, ಒಂದರ ಮೇಲೂ ಅಧಿಕಾರ ಇಲ್ಲ.

ಹಾಸನದ ಹುಡುಗಿ 91

ಡಬ್ಬಿ ತಿರುಗಿದ್ದು ಅಂದ್ರಲ್ಲ ಸಾರ್, ಓದಿ ಒಂದು ನಿಮಿಷ ಸುಮ್ನೆ ಕೂತ್ಕೊಂಡೆ. ರೇಷನ್ ಅಂಗಡಿ ಮಿಷನ್ನಲ್ಲೂ ಎಷ್ಟು ಜನ ಫೇಲಾಗಿ ವಾಪಸ್ ಹೋದ್ರು ಅಂತ ದಿನಾ ಗೋಡೆ ಮೇಲೆ ಬರೀಬೇಕು ಅಂತ ಮಾಡಿದ್ರೆ? ಮಿಷನ್ನಿಗೆ ಗೊತ್ತಿರುತ್ತಲ್ವಾ ಆ ಲೆಕ್ಕ.

ವರ್ಕ್ ಫ್ರಂ ತೋಟ

ಗೊತ್ತಿರುತ್ತೆ. ಪ್ರತಿ ಕೆಂಪು ಲೈಟೂ ಎಲ್ಲೋ ಸರ್ವರಲ್ಲಿ ಒಂದು ಸಾಲಾಗಿ ದಾಖಲಾಗಿರುತ್ತೆ, ಟೈಮ್ ಸಮೇತ. ಅಜ್ಜಿಯ ಹತ್ತು ಬೆರಳೂ ಅಲ್ಲಿದೆ.

ರೊಬಸ್ಟಾ ರಾಯ

ಹಂಗಾದ್ರೆ ಅದನ್ನ ಕೇಳೋಣ. ವಕೀಲ್ರೇ, ಮಾಹಿತಿ ಹಕ್ಕಲ್ಲಿ ಕೇಳಕ್ಕೆ ಬರುತ್ತಾ? ನಮ್ಮ ತಾಲೂಕಲ್ಲಿ ತಿಂಗಳಿಗೆ ಎಷ್ಟು ಸಲ ಬೆರಳು ಫೇಲಾಯ್ತು, ಅದ್ರಲ್ಲಿ ಎಷ್ಟು ಜನಕ್ಕೆ ಪುಸ್ತಕದಲ್ಲಿ ಬರ್ಕೊಂಡು ಅಕ್ಕಿ ಕೊಟ್ರು ಅಂತ. ಹತ್ತು ರೂಪಾಯಿ ಫೀಸು ನಾನು ಹಾಕ್ತೀನಿ.

ಕೇಸ್ ಕಟ್ಟು

ಯಾರ ಹೆಸರೂ ಕೇಳದೆ ಬರೀ ಸಂಖ್ಯೆ ಕೇಳಿದ್ರೆ ಇಲ್ಲ ಅನ್ನಕ್ಕೆ ಅವರಿಗೆ ಕಾರಣ ಸಿಗೋದು ಕಷ್ಟ. 30 ದಿನ ಟೈಮ್ ಇರುತ್ತೆ. ನಾನು ಬರೆದುಕೊಡ್ತೀನಿ ರಾಯರೇ, ಸಹಿ ನಿಮ್ಮದೇ ಇರ್ಲಿ. ಅದು ಬರೋವರೆಗೆ ಅಜ್ಜಿ ಕಾಯಂಗಿಲ್ಲ, ಆ ಅರ್ಜಿ ಮೊದ್ಲು ಆಗ್ಲಿ.

ಝೆರಾಕ್ಸ್ ಅಂಗಡಿ

ಮೂಡಿಗೆರೆಯವರೇ, ಅಜ್ಜಿ ಅರ್ಜಿ ನಾನು ಟೈಪ್ ಮಾಡಿಕೊಡ್ತೀನಿ, ದುಡ್ಡು ಬೇಡ. ಯುನಿಕೋಡಲ್ಲೇ ಮಾಡ್ತೀನಿ, ಹಳೇ ನುಡಿ ಫಾಂಟಲ್ಲಿ ಮಾಡಿದ್ರೆ ಸಾಹೇಬ್ರ ಫೋನಲ್ಲಿ ಬರೀ ಕಸ ಕಾಣುತ್ತೆ. ಮತ್ತೆ ಎಲ್ರಿಗೂ ಒಂದು ಮಾತು, ಕೆಂಪು ನೋಟ್‌ಬುಕ್ಕಿನಲ್ಲಿ ಹೆಸರಿರೋರು ಬಂದು ನಿಮ್ಮ ನಿಮ್ಮ ಹಾಳೆ ಹರ್ಕೊಂಡು ಹೋಗಿ. ಈಗಾಗ್ಲೇ ಹನ್ನೊಂದು ಜನಕ್ಕೆ ಫೋನ್ ಮಾಡ್ದೆ, ಅದ್ರಲ್ಲಿ ಒಂಬತ್ತು ಜನ ನಿನ್ ಹತ್ರಾನೇ ಇರ್ಲಿ ಬಿಡು ಮಗ ಅಂದ್ರು.

ಮೂಡಿಗೆರೆ ಮಳೆ

ತುಂಬಾ ಉಪಕಾರ ಅಣ್ಣ. ಸೋಮವಾರ ಬಸ್ಸಿಗೆ ಬರ್ತೀವಿ. ಏನೇನ್ ತರ್ಬೇಕು?

ಝೆರಾಕ್ಸ್ ಅಂಗಡಿ

ರೇಷನ್ ಕಾರ್ಡು, ಆಧಾರು, ಅಷ್ಟೇ. ಹನ್ನೊಂದರ ಒಳಗೆ ಬನ್ನಿ, ಮಧ್ಯಾಹ್ನ ಲೈನ್ ಕೆಲಸ ಅಂತೆ ಕರೆಂಟಿರಲ್ಲ. ಬೆರಳು ಹಿಡಿಸ್ತಿಲ್ಲ ಅಂತ ಬರೆದು ಕೆಳಗೆ ಸಹಿ ಜಾಗ ಬಿಡ್ತೀನಿ. ಅಜ್ಜಿ ಸಹಿ ಮಾಡ್ತಾರಾ?

ಮೂಡಿಗೆರೆ ಮಳೆ

ಇಲ್ಲಣ್ಣ, ಹೆಬ್ಬೆಟ್ಟು. ಇಂಕ್ ಪ್ಯಾಡ್ ಇದ್ಯಾ ನಿಮ್ಮತ್ರ?